ಪಾಪುವಿನ ಹಾಲಿನ ಡಬ್ಬಿ ಸಿಗುತ್ತಿಲ್ಲ ಅಂದ ಪುಟ್ಟಿಗೆ

ಪುಟ್ಟಿ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪಾಪು ಮಲಗಿದ ಮೇಲೆ ಕೇಳು. ಗ್ರೂಪಿನ ದೊಡ್ಡವರೂ ಕೇಳಿ, ಮಧ್ಯದಲ್ಲಿ ಗುಲಾಬಿ ಹೂವಿನ ಫೋಟೋ ಹಾಕಿ ಮುಗಿಸಬೇಡಿ.

ನೀನು ಬೆಳಿಗ್ಗೆ ಹಾಕಿದ್ದು ಇಷ್ಟು. ಬನಶಂಕರಿ, ಕತ್ರಿಗುಪ್ಪೆ ಕಡೆ ಎಲ್ಲ ಮೆಡಿಕಲ್ ಸುತ್ತಿದರೂ ಪಾಪು ಕುಡಿಯುವ ಹಾಲಿನ ಪುಡಿ ಡಬ್ಬಿ ಇಲ್ಲ, ಮನೆಯಲ್ಲಿ ಇರುವುದು ಎರಡು ದಿನಕ್ಕೆ ಬರುತ್ತದೆ. ಅದರ ಕೆಳಗೆ ಅಣ್ಣ ನಂದಿನಿ ಹಾಲಿಗೆ ನೀರು ಬೆರೆಸಿ ಕೊಡಿ ಅಂದಿದ್ದಾನೆ. ಅತ್ತಿಗೆ ಮೂರು ಚಮಚ ಹಾಕುವ ಕಡೆ ಎರಡು ಹಾಕು, ತಡೆಯುತ್ತದೆ ಅಂದಿದ್ದಾರೆ. ಇನ್ನೊಬ್ಬರು ರಾಗಿ ಗಂಜಿ ಅಂದರು. ನಾನು ಡಾಕ್ಟರ್ ಅಲ್ಲ. ಆದರೆ ವಿಜಯನಗರದಲ್ಲಿ ಮೆಡಿಕಲ್ ಕೌಂಟರ್ ಹಿಂದೆ ನಿಂತು ಕೂದಲು ಹಣ್ಣು ಮಾಡಿಕೊಂಡವನು. ಈ ಡಬ್ಬಿಗಳ ವಿಷಯ ಸ್ವಲ್ಪ ಗೊತ್ತು.

ಮೊದಲನೆಯದು, ನೀನು ಬ್ರ್ಯಾಂಡ್ ಹುಡುಕುತ್ತಿದ್ದೀಯ. ಹುಡುಕಬೇಕಾಗಿದ್ದು ಸ್ಟೇಜ್, ಅಂದರೆ ಮಗುವಿನ ವಯಸ್ಸಿಗೆ ತಕ್ಕ ನಂಬರ್. ಪಾಪುಗೆ ನಾಲ್ಕು ತಿಂಗಳು, ಹಾಗಾಗಿ ಡಬ್ಬಿ ಮೇಲೆ 1 ಅಂತ ಇರಬೇಕು. ಲ್ಯಾಕ್ಟೋಜೆನ್, ನ್ಯಾನ್, ಡೆಕ್ಸೋಲ್ಯಾಕ್, ಸಿಮಿಲ್ಯಾಕ್, ಆಪ್ಟಾಮಿಲ್, ಹೆಸರು ಯಾವುದಾದರೂ ಇರಲಿ. ನಮ್ಮ ದೇಶದಲ್ಲಿ ಮಾರುವ ಇಂಥ ಪುಡಿಯಲ್ಲಿ ಏನೇನು ಎಷ್ಟೆಷ್ಟು ಇರಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಹುಷಾರಾಗಿರುವ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಒಂದು ಬ್ರ್ಯಾಂಡ್ ಬದಲು ಇನ್ನೊಂದು ಕೊಟ್ಟರೆ ಏನೂ ಆಗುವುದಿಲ್ಲ. ರುಚಿ ಬೇರೆ, ಮುಖ ಸಿಂಡರಿಸಬಹುದು. ಗ್ಯಾಸ್ ಆಗಬಹುದು, ಕಕ್ಕದ ಬಣ್ಣ ನಾಲ್ಕು ದಿನ ಬದಲಾಗಬಹುದು. ಅಷ್ಟೇ. ಮೈಮೇಲೆ ದದ್ದು ಎದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿ ಮಾಡಿದರೆ ಮಾತ್ರ ಸೀದಾ ಡಾಕ್ಟರ್ ಹತ್ತಿರ ಹೋಗು.

ಒಂದು ಎಚ್ಚರ ಏನೆಂದರೆ, ಪ್ರತಿ ಡಬ್ಬಿಯ ಚಮಚ ಅದರದ್ದೇ ಅಳತೆ. ಕೆಲವದರಲ್ಲಿ ಒಂದು ಚಮಚಕ್ಕೆ 30 ಎಂಎಲ್ ನೀರು, ಕೆಲವದರಲ್ಲಿ 60. ಹಳೇ ಚಮಚವನ್ನು ಹೊಸ ಡಬ್ಬಿಗೆ ಹಾಕಿದರೆ ಲೆಕ್ಕ ಕೆಟ್ಟಿತು. ಹಳೇ ಡಬ್ಬಿ ಮುಗಿದ ಕೂಡಲೇ ಅದರ ಚಮಚ ಬಿಸಾಕು. ಮೊದಲು ನೀರು ಅಳೆದು ಹಾಕು, ಆಮೇಲೆ ಪುಡಿ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಪುಡಿ, ಹಾಲಿನ ಅಲರ್ಜಿಗೆ ಅಂತ ಬರೆದುಕೊಟ್ಟ ಪುಡಿ, ಇವುಗಳ ಕಥೆ ಬೇರೆ. ಅದನ್ನು ಯಾರೂ ಸ್ವಂತ ಬುದ್ಧಿಯಿಂದ ಬದಲಾಯಿಸಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಗ್ರೂಪಿನಲ್ಲಿ ಏಳು ತಿಂಗಳ ಮಗು ಇರುವ ಮನೆಯೂ ಒಂದಿದೆ ಅಲ್ವಾ? ನಿಮಗೆ 2 ಸಿಗದಿದ್ದರೆ 1 ಕೊಡಬಹುದು, ತೊಂದರೆ ಇಲ್ಲ. ಆದರೆ ಪುಟ್ಟಿ, ನೀನು 2 ಕೊಡಬೇಡ. ಅದು ಆರು ತಿಂಗಳ ಮೇಲಿನ ಮಕ್ಕಳಿಗೆ ಮಾಡಿದ್ದು.

ಈಗ ಅತ್ತಿಗೆ ಮಾತಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪುಡಿ ಕಡಿಮೆ, ನೀರು ಜಾಸ್ತಿ ಮಾಡುವುದು ಬಹಳ ಅಪಾಯ. ಮಗುವಿನ ಹೊಟ್ಟೆ ತುಂಬುತ್ತದೆ, ಅಳುವುದಿಲ್ಲ, ನಮಗೆ ಸಮಾಧಾನ. ಒಳಗೆ ಮಾತ್ರ ರಕ್ತದಲ್ಲಿ ಸೋಡಿಯಂ ಇಳಿಯುತ್ತಾ ಹೋಗುತ್ತದೆ. ಜಾಸ್ತಿ ಇಳಿದರೆ ಫಿಟ್ಸ್ ಬರುತ್ತದೆ. ಆರು ತಿಂಗಳೊಳಗಿನ ಮಕ್ಕಳಿಗೆ ಕುಡಿಯುವ ನೀರೇ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಅಣ್ಣ ಹೇಳಿದ ಹಸುವಿನ ಹಾಲು. 'ನಮ್ಮನ್ನೆಲ್ಲ ಹಾಗೇ ಬೆಳೆಸಿದರು' ಅಂತ ಈಗ ಮೆಸೇಜ್ ಬರುತ್ತದೆ, ಗೊತ್ತು. ಬೆಳೆಸಿದರು, ನಿಜ. ಯಾರ ಮೈಯಲ್ಲಿ ರಕ್ತ ಎಷ್ಟಿತ್ತು ಅಂತ ಆಗ ಯಾರು ನೋಡಿದರು? ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲದ ಹಾಗೆಯೇ. ಪ್ರೋಟೀನು, ಉಪ್ಪಿನಂಶ ಜಾಸ್ತಿ, ಎಳೆಯ ಕಿಡ್ನಿಗೆ ಅದು ಭಾರ. ನೀರು ಬೆರೆಸಿದರೆ ಅದು ಇಳಿಯುತ್ತದೆ, ಜೊತೆಗೆ ಬೇಕಾದ ಶಕ್ತಿಯೂ ಇಳಿಯುತ್ತದೆ. ನಾಲ್ಕು ತಿಂಗಳ ಕೂಸಿಗೆ ಬೇಡವೇ ಬೇಡ. ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ, ಚೆನ್ನಾಗಿ ಮಾಡಿ ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಜೇನುತುಪ್ಪ ಒಂದು ವರ್ಷದವರೆಗೆ ನಾಲಿಗೆಗೂ ಸೋಕಿಸಬೇಡಿ, ಅದರಿಂದ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರಬಹುದು.

ಇನ್ನೊಂದು. ಅವಸರದಲ್ಲಿ ಯಾರಾದರೂ ಅಂಗಡಿಗೆ ಹೋಗಿ ಬರೀ 'ಹಾಲಿನ ಪುಡಿ' ಅಂತ ಕೇಳಿದರೆ ಅಮೂಲ್ಯನೋ ಎವ್ರಿಡೇನೋ ಕೊಡುತ್ತಾರೆ. ಅದು ಕಾಫಿ, ಟೀಗೆ. ಕೌಂಟರಿನಲ್ಲಿ ಇದನ್ನು ಮಗುವಿಗೆ ಅಂತ ಕೇಳಿ ಒಯ್ಯಲು ಬಂದವರನ್ನು ನಿಲ್ಲಿಸಿದ್ದೇನೆ. ಹೋಗುವವರ ಕೈಗೆ ಡಬ್ಬಿಯ ಫೋಟೋ ಕೊಟ್ಟು ಕಳಿಸಿ.

2022ರಲ್ಲಿ ಅಮೆರಿಕದಲ್ಲಿ ಇದೇ ಗೋಳು ದೊಡ್ಡದಾಗಿ ಆಗಿತ್ತು. ಫೆಬ್ರವರಿಯಲ್ಲಿ ಮಿಷಿಗನ್‌ನ ಸ್ಟರ್ಜಿಸ್ ಅನ್ನುವ ಊರಿನಲ್ಲಿ ಇಂಥ ಪುಡಿ ಮಾಡುವ ಅಬಾಟ್ ಕಂಪನಿಯ ಕಾರ್ಖಾನೆ ನಿಂತಿತು. ಅಂಗಡಿ ಕಪಾಟು ಖಾಲಿ. ಮೇ ಹೊತ್ತಿಗೆ ಸರ್ಕಾರ ಜರ್ಮನಿಯಿಂದ ಮಿಲಿಟರಿ ವಿಮಾನದಲ್ಲಿ ಪುಡಿ ತರಿಸಬೇಕಾಯಿತು. ಆಗಲೂ ಮನೆಯಲ್ಲೇ ಫಾರ್ಮುಲಾ, ಅಂದರೆ ಈ ಡಬ್ಬಿ ಹಾಲಿನ ಥರದ್ದು, ಮಾಡುವ ರೆಸಿಪಿ ಫೋನಿಂದ ಫೋನಿಗೆ ಓಡಾಡಿತು. ಅದನ್ನು ಮಾಡಬೇಡಿ ಅಂತ ಅಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರಲ್ಲೇ ಹೇಳಿತ್ತು, ಅಂಥದ್ದು ಕುಡಿದ ಮಕ್ಕಳು ಕ್ಯಾಲ್ಸಿಯಂ ಇಳಿದು ಆಸ್ಪತ್ರೆ ಸೇರಿದ್ದರು. ನಮ್ಮ ಗ್ರೂಪಿಗೆ ಬಾದಾಮಿ ಹಾಲಿನ ವಿಡಿಯೋ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ನಮ್ಮ ಬೆಂಗಳೂರಲ್ಲಿ ಸಾಮಾನ್ಯವಾಗಿ ಆಗುವುದು ಅಷ್ಟು ದೊಡ್ಡದಲ್ಲ. ಮೆಡಿಕಲ್‌ಗೆ ಮಾಲು ಕೊಡುವ ಡಿಸ್ಟ್ರಿಬ್ಯೂಟರ್ ಏರಿಯಾ ಲೆಕ್ಕದಲ್ಲಿ ಇರುತ್ತಾನೆ. ಅವನ ಹತ್ತಿರ ಸ್ಟಾಕ್ ನಿಂತರೆ ಆ ಸುತ್ತಿನ ಅಂಗಡಿಗಳಲ್ಲೆಲ್ಲ ಒಟ್ಟಿಗೆ ಖಾಲಿ. ಎಕ್ಸ್‌ಪೈರಿ ಭಯಕ್ಕೆ ಸಣ್ಣ ಅಂಗಡಿಯವರು ಇಡುವುದೇ ನಾಲ್ಕೈದು ಡಬ್ಬಿ. ಅದಕ್ಕೇ ಬನಶಂಕರಿಯಲ್ಲೇ ಹತ್ತು ಅಂಗಡಿ ಸುತ್ತುವುದಕ್ಕಿಂತ ಮಲ್ಲೇಶ್ವರದಲ್ಲೋ ರಾಜಾಜಿನಗರದಲ್ಲೋ ಇರುವ ನೆಂಟರಿಗೆ ಹೇಳು. ಮಕ್ಕಳ ಆಸ್ಪತ್ರೆ ಒಳಗಿನ ಫಾರ್ಮಸಿ ನೋಡಿ, ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸುತ್ತಲಿನ ಮೆಡಿಕಲ್‌ಗಳಲ್ಲಿ ಕೇಳಿ. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್‌ನಲ್ಲಿ ತೋರಿಸುವುದು ನಿನ್ನ ಮನೆ ಹತ್ತಿರದ ಗೋಡೌನ್ ಸ್ಟಾಕ್ ಮಾತ್ರ. ನೆಂಟರ ಮನೆ ಅಡ್ರೆಸ್ ಹಾಕಿ ನೋಡು, ಅಲ್ಲಿ ಸಿಕ್ಕರೆ ಅವರ ಮನೆಗೇ ತರಿಸು. ಅಂಗಡಿಯವನ ಹತ್ತಿರ 'ಇದೆಯಾ' ಅಂತ ಕೇಳಿ ಬರಬೇಡ, 'ತರಿಸಿಕೊಡಿ, ದುಡ್ಡು ಈಗಲೇ ಕೊಡುತ್ತೇನೆ' ಅನ್ನು. ಆ ಮಾತಿಗೆ ಆರ್ಡರ್ ಹೋಗುತ್ತದೆ.

ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಬಿಲ್ ತೆಗೆದುಕೊಂಡು 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ. ಆನ್‌ಲೈನಿನಲ್ಲಿ ಯಾರೋ ಗೊತ್ತಿಲ್ಲದವರು ಭಾರೀ ಆಫರ್ ಅಂತ ಮಾರುತ್ತಿದ್ದರೆ ಅನುಮಾನ ಪಡು. 1992ರ ಕಾನೂನು ಪ್ರಕಾರ ಈ ಪುಡಿಗೆ ಜಾಹೀರಾತೂ ಇಲ್ಲ, ಗಿಫ್ಟೂ ಇಲ್ಲ, ರಿಯಾಯಿತಿ ತೋರಿಸಿ ಮಾರುವ ಹಾಗೂ ಇಲ್ಲ. ಪಕ್ಕದ ಮನೆಯವರು ತೆರೆದ ಡಬ್ಬಿ ಕೊಟ್ಟರೆ ಬೇಡ ಅನ್ನು, ಸೀಲ್ ಇದ್ದರೆ ತಾರೀಕು ನೋಡಿ ತೆಗೆದುಕೋ.

ಪುಡಿ ಉಳಿಸುವುದು ಹೇಗೆ ಅಂತ ನೀನು ಕೇಳಿದ್ದೆ. ಬಾಟಲಿಯಲ್ಲಿ ಮಿಕ್ಕಿ ಚೆಲ್ಲುವುದನ್ನು ನಿಲ್ಲಿಸು. 120 ಎಂಎಲ್ ಮಾಡಿ 40 ಚೆಲ್ಲುವ ಬದಲು ಮೊದಲು 60 ಮಾಡು, ಇನ್ನೂ ಬೇಕು ಅಂದರೆ ಮತ್ತೆ 30 ಮಾಡು. ಎದ್ದು ಓಡಾಡುವುದು ಜಾಸ್ತಿ ಆಗುತ್ತದೆ, ಅಳಿಯಂದಿರು ಮಾಡಲಿ. ಮಗು ಬಾಯಿ ಇಟ್ಟ ಬಾಟಲಿ ಒಂದು ಗಂಟೆ ಮೇಲೆ ಇಡಬೇಡ. ಬಾಯಿ ಇಡದಿದ್ದರೆ ಎರಡು ಗಂಟೆ. ಕಾವೇರಿ ಆಗಲಿ, ಟ್ಯಾಂಕರ್ ಆಗಲಿ, ಕ್ಯಾನ್ ಆಗಲಿ, ನೀರು ಕುದಿಸಲೇಬೇಕು. ಪುಡಿಯಲ್ಲೂ ಕ್ರಿಮಿ ಇರಬಹುದು, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ನೀರು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಕಲಸಿ, ಆಮೇಲೆ ಆರಿಸಿ ಕೊಡಿ ಅನ್ನುತ್ತದೆ. ಕುದಿಸಿ ಅರ್ಧ ಗಂಟೆಯೊಳಗೆ ಕಲಸಿದರೆ ಸರಿ.

ಲೆಕ್ಕ ಹೇಳುತ್ತೇನೆ, ಬರೆದುಕೋ. ಮಗುವಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 150 ಎಂಎಲ್. ಆರು ಕೆಜಿ ಕೂಸಿಗೆ 900. ನೂರು ಎಂಎಲ್‌ಗೆ ಹತ್ತಿರ ಹತ್ತಿರ 13 ಗ್ರಾಂ ಪುಡಿ. ಬರೀ ಡಬ್ಬಿ ಹಾಲೇ ಆದರೆ 400 ಗ್ರಾಂ ಮೂರು ದಿನ ಚಿಲ್ಲರೆ ಬರುತ್ತದೆ, ಅಷ್ಟೇ. ಅದಕ್ಕೇ ಕೊನೇ ಡಬ್ಬಿ ತೆರೆದ ಮೇಲೆ ಅಂಗಡಿಗೆ ಹೋಗಬಾರದು. ಎರಡು ವಾರಕ್ಕೆ ಆಗುವಷ್ಟು ಮನೆಯಲ್ಲಿರಲಿ. ಅದಕ್ಕಿಂತ ಕೂಡಿಡಬೇಡ, ಇನ್ನೊಂದು ಮಗುವಿಗೆ ಸಿಗುವುದಿಲ್ಲ.

ನೀನು ರಾತ್ರಿ ಎದೆಹಾಲು ಕೊಡುತ್ತೀಯ ಅಂದೆ. ಹಾಗಾದರೆ ಹಗಲೂ ಪ್ರತಿ ಸಲ ಮೊದಲು ಎದೆಗೆ ಹಾಕು, ಆಮೇಲೆ ಬಾಟಲಿ. ಎಷ್ಟು ಸಲ ಖಾಲಿ ಆಗುತ್ತದೋ ಅಷ್ಟು ಹಾಲು ಬರುತ್ತದೆ. ಒಂದೆರಡು ವಾರದಲ್ಲಿ ಹೆಚ್ಚಬಹುದು. ಹೆಚ್ಚದಿದ್ದರೆ ನಿನ್ನ ತಪ್ಪಲ್ಲ, ಡಬ್ಬಿಯನ್ನು ದಿಢೀರ್ ಅಂತ ನಿಲ್ಲಿಸಲೂ ಬೇಡ. 'ಹಾಲು ಸಾಲಲ್ವಂತೆ' ಅಂತ ಫೋನಿನಲ್ಲಿ ಮಾತಾಡುತ್ತಿರುವವರು ದಯವಿಟ್ಟು ಸುಮ್ನಿರಿ. ಅವಳಿಗೆ ಒಂದು ಹೊತ್ತು ಅಡುಗೆ ಮಾಡಿ ಕಳಿಸಿದರೆ ಅದೇ ದೊಡ್ಡ ಸಹಾಯ. ದಿನಕ್ಕೆ ಐದಾರು ಡೈಪರ್ ಚೆನ್ನಾಗಿ ಒದ್ದೆ ಆಗುತ್ತಿದೆಯಾ ನೋಡಿಕೋ. ಕಡಿಮೆ ಆದರೆ, ಮಗು ಮಂಕಾದರೆ ಕಾಯಬೇಡ, ಆಸ್ಪತ್ರೆಗೆ ಹೊರಡು.

ವಾಣಿವಿಲಾಸದ ಹಾಲಿನ ಬ್ಯಾಂಕ್ ವಿಷಯ ಯಾರೋ ಕೇಳಿದ್ದರು. ಅಲ್ಲಿ ತಾಯಂದಿರು ಕೊಟ್ಟ ಹಾಲನ್ನು ಶುದ್ಧ ಮಾಡಿ ಇಡುತ್ತಾರೆ, ಆದರೆ ಅದು ಮುಖ್ಯವಾಗಿ ಬೇಗ ಹುಟ್ಟಿದ, ಹುಷಾರಿಲ್ಲದ ಮಕ್ಕಳಿಗೆ. ಗಟ್ಟಿಮುಟ್ಟಾಗಿರುವ ನಮ್ಮ ಪಾಪುಗೆ ಕೇಳುವುದು ಸರಿಯಲ್ಲ. ದುಡ್ಡಿಗೆ ಎದೆಹಾಲು ಮಾರುವವರ ತಂಟೆಯೂ ಬೇಡ, ಹಾಗೆ ಮಾರುವಂತಿಲ್ಲ ಅಂತ ಎಫ್‌ಎಸ್‌ಎಸ್‌ಎಐ 2024ರಲ್ಲಿ ಹೇಳಿದೆ.

ಶನಿವಾರ ಮೈಸೂರಿಂದ ಬರುವವರೇ, ಅಲ್ಲಿ 1 ಅಂತ ಇರುವ ಯಾವುದೇ ಡಬ್ಬಿ ಸಿಕ್ಕರೆ ಎರಡು ತನ್ನಿ. ಡಬ್ಬಿ ನಜ್ಜಿರಬಾರದು, ತಳದಲ್ಲಿ ತಾರೀಕು ನೋಡಿ. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸುತ್ತೀರಲ್ಲ, ಆಗ ಡಬ್ಬಿಯನ್ನು ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಚೀಲದಲ್ಲಿ ಹಾಕಿಕೊಂಡು ಒಳಗೆ ಹೋಗಿ.