ಬೋರ್‌ವೆಲ್ ಮೋಟಾರಿನ ಕರೆಂಟು ಅಳೆಯಲು ಹಾಕಿದ ರೆಸಿಸ್ಟರ್ ಸುಟ್ಟುಹೋಯಿತು. ಎಷ್ಟು ಓಮ್‌ನದು ಹಾಕಬೇಕು?

ತೋಟದಮನೆ:
ಅಡಿಕೆ ತೋಟದ ಬೋರ್‌ವೆಲ್‌ಗೆ 7.5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟಾರ್ ಇಳಿಸಿದ್ದೇವೆ. ರಾತ್ರಿ ನೀರು ನಿಂತರೂ ಅದು ಒಣಗಿ ತಿರುಗುತ್ತಲೇ ಇರುತ್ತದೆ. ಒಮ್ಮೆ ವೈಂಡಿಂಗ್ ಮಾಡಿಸಿ ಆಯಿತು. ನೀರಿಲ್ಲದೆ ಮೋಟಾರ್ ಎಳೆಯುವ ಕರೆಂಟು ಇಳಿದರೆ ಸ್ಟಾರ್ಟರ್ ತಾನೇ ಬೀಳಲಿ ಎಂದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದು, ಮೊದಲು ಒಂದು ಫೇಸಿನಲ್ಲಿ ಸರಣಿಯಾಗಿ 0.1 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿದೆ. ಹಸಿರು ಗುಂಡಿ ಒತ್ತಿದ್ದೇ ತಡ, ಟಪ್ ಎಂದು ಸೀಳಿ ಹೊಗೆ ಎದ್ದಿತು. 20 ವ್ಯಾಟಿನದು ತಡೆಯುತ್ತದೆಯೇ?

ಹಳೇ ವೈಂಡರ್:
ಬೋರ್ಡಿಗೆ ತಂತಿ ಕೊಟ್ಟಿರಲಿಲ್ಲ ತಾನೇ? ಕೊಟ್ಟಿದ್ದರೆ ಬೋರ್ಡ್, ಯುಎಸ್‌ಬಿ ತಂತಿ, ಲ್ಯಾಪ್‌ಟಾಪ್ ಎಲ್ಲವೂ ಫೇಸಿನ ಮೇಲೇ ಕೂತಿರುತ್ತಿದ್ದವು. ಮುಟ್ಟಿದವರ ಗತಿ ಹೇಳಬೇಕಾಗಿಲ್ಲ.

ಲೆಕ್ಕ ನೋಡಿ. ನಿಮ್ಮ ಮೋಟಾರ್ ಓಡುವಾಗ ಸುಮಾರು 13 ಆಂಪಿಯರ್ ಎಳೆಯುತ್ತದೆ. 13ರ ವರ್ಗವನ್ನು 0.1ರಿಂದ ಗುಣಿಸಿದರೆ 17 ವ್ಯಾಟ್. ಡಿಒಎಲ್ (ಮೋಟಾರನ್ನು ನೇರ ಲೈನಿಗೆ ಸೇರಿಸುವ) ಸ್ಟಾರ್ಟರ್ ಆದರೆ ಎದ್ದೇಳುವಾಗ ಆರು ಪಟ್ಟು, ಅಂದರೆ 80 ಆಂಪಿಯರ್. ಆಗ 640 ವ್ಯಾಟ್! ಇಸ್ತ್ರಿ ಪೆಟ್ಟಿಗೆಯ ಕೆಲಸವನ್ನು ಬೆರಳುದ್ದದ ರೆಸಿಸ್ಟರಿಗೆ ಕೊಟ್ಟಿದ್ದೀರಿ.

100 ಆಂಪಿಯರಿಗೆ 75 ಮಿಲಿವೋಲ್ಟ್ ಕೊಡುವ ಶಂಟ್ ಎಂಬ ಅಳತೆ ರೆಸಿಸ್ಟರ್ ಸಿಗುತ್ತದೆ, ಅದರ ರೋಧ 0.75 ಮಿಲಿಓಮ್ ಮಾತ್ರ. ಬಿಸಿಯಾಗದು, ಆದರೆ ಫೇಸಿನ ಅಪಾಯ ಹಾಗೆಯೇ ಉಳಿಯುತ್ತದೆ. ಅದನ್ನು ಸೋಲಾರ್ ಬ್ಯಾಟರಿಗೆ ಇಟ್ಟುಕೊಳ್ಳಿ. ಇಲ್ಲಿ ಸಿ.ಟಿ. ಹಾಕಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್; ತಂತಿಯ ಹೊರಗೆ ಕಚ್ಚಿಕೊಂಡೇ ಕರೆಂಟು ಅಳೆಯುತ್ತದೆ.

ತೋಟದಮನೆ:
ಎಸ್‌ಸಿಟಿ-013-000 ತರಿಸಿದೆ, 100 ಆಂಪಿಯರಿಗೆ 50 ಮಿಲಿಆಂಪಿಯರ್ ಕೊಡುವಂಥದ್ದು. ಇದಕ್ಕೂ ರೆಸಿಸ್ಟರ್ ಬೇಕಂತೆ. ಒಬ್ಬರು 33 ಓಮ್ ಅನ್ನುತ್ತಾರೆ, ಇನ್ನೊಬ್ಬರು 68.

ಹಳೇ ವೈಂಡರ್:
33 ಓಮ್ 5 ವೋಲ್ಟಿನ ಬೋರ್ಡಿನ ಲೆಕ್ಕ. ನಿಮ್ಮದು 3.3 ವೋಲ್ಟ್. ಎರಡು 10 ಕಿಲೋಓಮ್ ರೆಸಿಸ್ಟರ್, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನಡುವಿನ 1.65 ವೋಲ್ಟಿನ ಮೇಲೆ ಅಲೆಯನ್ನು ಕೂರಿಸಬೇಕು. ಹಾಗಾಗಿ ಮೇಲಕ್ಕೂ ಕೆಳಕ್ಕೂ 1.65 ವೋಲ್ಟಿನಷ್ಟೇ ಜಾಗ.

80 ಆಂಪಿಯರಿನ ಅಲೆಯ ಶಿಖರ 113 ಆಂಪಿಯರ್. ಸಿ.ಟಿ.ಯ ಅನುಪಾತ 2000, ಆದ್ದರಿಂದ 56.6 ಮಿಲಿಆಂಪಿಯರ್. 68 ಓಮ್ ಹಾಕಿದರೆ 3.8 ವೋಲ್ಟ್, ಬೋರ್ಡಿನ ಪಿನ್ನಿಗೆ ಪೆಟ್ಟು. 22 ಓಮ್ ಹಾಕಿದರೆ 1.25 ವೋಲ್ಟ್, ಒಳಗೇ ಉಳಿಯುತ್ತದೆ. ಓಡುವ ಕರೆಂಟಿನಲ್ಲಿ ಸಿಗುವುದು 143 ಮಿಲಿವೋಲ್ಟ್. ಕಡಿಮೆ ಅನಿಸಬಹುದು, ಆದರೆ ನಿಮಗೆ ಬೇಕಾದದ್ದು ನೀರಿದೆಯೋ ಇಲ್ಲವೋ ಎಂಬ ಉತ್ತರ, ಬಿಲ್ಲಿನ ಲೆಕ್ಕವಲ್ಲ.

ಇಲ್ಲಿ 80 ಆಂಪಿಯರಿನಲ್ಲೂ ರೆಸಿಸ್ಟರ್ ತಿನ್ನುವುದು 35 ಮಿಲಿವ್ಯಾಟ್. ಕಾಲು ವ್ಯಾಟಿನ 1 ಶೇಕಡಾ ಮೆಟಲ್ ಫಿಲ್ಮ್ ಸಾಕು. ಅದನ್ನು ಬೆಸೆದ ಮೇಲೆಯೇ ಸಿ.ಟಿ.ಯನ್ನು ತಂತಿಗೆ ಕಚ್ಚಿಸಿ. ತುದಿ ತೆರೆದಿಟ್ಟ ಸಿ.ಟಿ.ಯಲ್ಲಿ ಅಪಾಯಕಾರಿ ವೋಲ್ಟೇಜ್ ಏಳಬಹುದು.

ತೋಟದಮನೆ:
ಹಾಕಿದೆ. ಮೋಟಾರ್ ಓಡುತ್ತಿದೆ, ಪರದೆಯ ಮೇಲೆ ಬರೀ ಸೊನ್ನೆ.

ಮಲೆನಾಡ ಮಿಂಚು:
ಮೂರೂ ತಂತಿಗಳ ಕೇಬಲನ್ನು ಒಟ್ಟಿಗೆ ಕಚ್ಚಿಸಿದ್ದೀರಾ? ಮೂರು ಫೇಸಿನ ಕರೆಂಟುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೈನ್ ಇಳಿಸಿ, ಸ್ಟಾರ್ಟರ್ ಒಳಗೆ ಒಂದೇ ತಂತಿಗೆ ಹಾಕಿ. ನಾನೂ ಒಂದಿಡೀ ಭಾನುವಾರ ಇದರಲ್ಲೇ ಕಳೆದಿದ್ದೆ.

ತೋಟದಮನೆ:
ಅದೇ ಆಗಿತ್ತು. ಈಗ ಅಂಕಿ ಬರುತ್ತಿದೆ, ಆದರೆ 8.9. ಎಲೆಕ್ಟ್ರಿಷಿಯನ್ ಅವರ ಕ್ಲಾಂಪ್ ಮೀಟರ್ 13.4 ತೋರಿಸುತ್ತದೆ. 22 ಓಮ್ ಕಡಿಮೆಯಾಯಿತೇ?

ಹಳೇ ವೈಂಡರ್:
8.9ನ್ನು 13.4ರಿಂದ ಭಾಗಿಸಿ: ಮೂರರಲ್ಲಿ ಎರಡು ಪಾಲು. 22 ಮತ್ತು 33ರ ಅನುಪಾತವೂ ಅದೇ. ಯಾರದೋ ಪ್ರೋಗ್ರಾಂ ನಕಲು ಮಾಡಿದ್ದೀರಿ, ಅದರಲ್ಲಿ ವೋಲ್ಟನ್ನು ಆಂಪಿಯರಿಗೆ ಬದಲಿಸುವ 60.6 ಎಂಬ ಅಂಕಿ ಇರಬೇಕು. 2000 ಭಾಗಿಸು 33. ನಿಮಗೆ ಬೇಕಾದದ್ದು 2000 ಭಾಗಿಸು 22, ಅಂದರೆ 90.9. ರೆಸಿಸ್ಟರನ್ನು ಮುಟ್ಟಬೇಡಿ.

ತೋಟದಮನೆ:
60.6 ಇತ್ತು! ಬದಲಿಸಿದ ಮೇಲೆ 13.3. ಹಾಗೇ ಬಿಟ್ಟು 10 ಆಂಪಿಯರಿಗಿಂತ ಇಳಿದರೆ ಟ್ರಿಪ್ ಆಗಲಿ ಎಂದು ಇಟ್ಟಿದ್ದರೆ ನೀರು ತುಂಬಿ ಬರುವಾಗಲೇ ಮೋಟಾರ್ ನಿಲ್ಲುತ್ತಿತ್ತು. ಸ್ಟಾರ್ಟ್ ಆದ ಮೊದಲ ಐದು ಸೆಕೆಂಡು ಲೆಕ್ಕಕ್ಕೆ ತೆಗೆದುಕೊಳ್ಳದಂತೆ, ಆಮೇಲೆ 10 ಸೆಕೆಂಡು ಸತತ ಕಡಿಮೆ ಇದ್ದರೆ ಮಾತ್ರ ಬೀಳುವಂತೆ ಬರೆದಿದ್ದೇನೆ. ನಿನ್ನೆ ರಾತ್ರಿ ಎರಡೂವರೆಗೆ ಬಿದ್ದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಪೈಪಿನ ಬಾಯಿ ಒಣಗಿತ್ತು.