ಪದಚರ್ಚೆ: ಕಮಾಂಡ್ ಶೆಲ್‌ನ 'ಎಕ್ಸ್‌ಪಾನ್ಷನ್' ಮತ್ತು 'ಕೋಟಿಂಗ್'ಗೆ ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೆ,

ಯೂನಿಕ್ಸ್‌ನಿಂದ ವಿಂಡೋಸ್‌ಗೆ ತಂದ ಉಪಕರಣಗಳನ್ನು ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದು, ಎರಡು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಆಜ್ಞೆಗಳನ್ನು ಓದಿ ನಡೆಸುವ ಯೂನಿಕ್ಸ್ ಶೆಲ್‌ನಲ್ಲಿ *.ಸಿ ಎಂದು ಬರೆದರೆ, ಆ ನಮೂನೆಗೆ ಹೊಂದುವ ಕಡತಗಳ ಹೆಸರುಗಳನ್ನು ಶೆಲ್ಲೇ ಹುಡುಕಿ ಸಾಲಾಗಿ ಪ್ರೋಗ್ರಾಮಿಗೆ ಒಪ್ಪಿಸುವುದರಿಂದ, ಅಂಥ ಕಡತವಿದ್ದರೆ ನಕ್ಷತ್ರ ಚಿಹ್ನೆ ಪ್ರೋಗ್ರಾಮಿನವರೆಗೆ ತಲುಪುವುದೇ ಇಲ್ಲ. ವಿಂಡೋಸ್‌ನ ಶೆಲ್ ಆದ ಸಿಎಂಡಿ ಆ ಸಾಲನ್ನು ಇದ್ದಂತೆಯೇ ದಾಟಿಸುತ್ತದೆ. ಹೆಸರು ಹುಡುಕುವ ಹೊಣೆ ಪ್ರೋಗ್ರಾಮಿನದು. ಡಿಜೆಜಿಪಿಪಿ ಎಂಬ ಸಿ ಕಂಪೈಲರಿನಲ್ಲಿ ಕಂಪೈಲ್ ಮಾಡಿದ ಉಪಕರಣ ಈ ಕೆಲಸವನ್ನು ತಾನಾಗಿ ಮಾಡಿಕೊಳ್ಳುತ್ತದೆ; ಮೈಕ್ರೋಸಾಫ್ಟ್ ಕಂಪೈಲರಿನಲ್ಲಾದರೆ ಸೆಟ್‌ಆರ್ಗ್‌ವಿ ಎಂಬ ಆಬ್ಜೆಕ್ಟ್ ಕಡತವನ್ನು ಲಿಂಕ್ ಮಾಡಬೇಕು. ಹೀಗೆ ನಮೂನೆಯನ್ನು ಹೆಸರುಗಳಾಗಿ ಬದಲಿಸುವ 'ಎಕ್ಸ್‌ಪಾನ್ಷನ್'ಗೆ 'ವಿಸ್ತರಣೆ' ಎಂದರೆ, ಕಡತದ ಹೆಸರಿನ ಕೊನೆಯ ಭಾಗಕ್ಕೂ ಅದೇ ಪದ ರೂಢಿಯಲ್ಲಿರುವುದರಿಂದ ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಗೊಂದಲವಾಗುತ್ತದೆ. ಶಾಲೆಯ ಪ್ರಶ್ನೆಪತ್ರಿಕೆಯ 'ಬಿಡಿಸಿ ಬರೆಯಿರಿ'ಯಲ್ಲಿರುವ 'ಬಿಡಿಸು' ನನಗೆ ಹೆಚ್ಚು ಒಪ್ಪಿಗೆಯಾಗಿದೆ. 'ಶೆಲ್ ಬಿಡಿಸುತ್ತದೆ', 'ಪ್ರೋಗ್ರಾಮು ಬಿಡಿಸಿಕೊಳ್ಳುತ್ತದೆ' ಎಂದರೆ ಯಾರ ಕೆಲಸವೆಂಬುದೂ ಸ್ಪಷ್ಟ.

'ಕೋಟಿಂಗ್' (quoting), ಅಂದರೆ ಶೆಲ್ ಹೀಗೆ ಬಿಡಿಸದಂತೆ ಗುರುತು ಹಾಕುವುದು, ಇದಕ್ಕಿಂತ ತೊಡಕಿನದು. ಯೂನಿಕ್ಸ್‌ನಲ್ಲಿ ಕಡತಗಳನ್ನು ಹುಡುಕುವ ಗ್ನೂ ಫೈಂಡ್‌ಗೆ -ನೇಮ್ *.ಸಿ ಎಂದು ಹಾಗೆಯೇ ಕೊಟ್ಟಾಗ ಶೆಲ್ ಅದನ್ನು ಮೊದಲೇ ಬಿಡಿಸುವುದರಿಂದ, ಪ್ರಸ್ತುತ ಕಡತಕೋಶದಲ್ಲಿ ಅಂಥ ಕಡತಗಳು ಹಲವು ಇದ್ದರೆ ದೋಷದ ಸಂದೇಶ ಬರುತ್ತದೆ. ಒಂದೇ ಇದ್ದರೆ ಫೈಂಡ್ ಆ ಹೆಸರನ್ನಷ್ಟೇ ಹುಡುಕಿ ಸುಮ್ಮನಾಗುತ್ತದೆ, ಇದು ಇನ್ನೂ ಅಪಾಯಕರ. ಆದ್ದರಿಂದ ಯೂನಿಕ್ಸ್‌ನಲ್ಲಿ '*.ಸಿ' ಎಂದು ಒಂಟಿ ಚಿಹ್ನೆಯೊಳಗೆ ಬರೆಯುವುದು ವಾಡಿಕೆ. ಸಿಎಂಡಿಗೆ ಒಂಟಿ ಚಿಹ್ನೆ ಮಾಮೂಲಿ ಅಕ್ಷರವಷ್ಟೇ. ವಿಂಡೋಸ್‌ಗೆ ತಂದ ಫೈಂಡ್‌ಗಳಲ್ಲಿ ಹಲವು ಅದನ್ನೂ ಹೆಸರಿನ ಭಾಗವೆಂದೇ ತಿಳಿದು ಏನನ್ನೂ ತೋರಿಸುವುದಿಲ್ಲ. ಅಲ್ಲಿ "*.ಸಿ" ಎಂದು ಜೋಡಿ ಚಿಹ್ನೆಯೇ ಬೇಕು. (ವಿಂಡೋಸ್‌ನದೇ ಆದ ಫೈಂಡ್ ಕಡತಗಳೊಳಗಿನ ಪಠ್ಯವನ್ನು ಹುಡುಕುವ ಬೇರೆಯೇ ಪ್ರೋಗ್ರಾಮು, ಆ ಗೊಂದಲ ಪ್ರತ್ಯೇಕ.)

ಇಲ್ಲಿ ಯಾರ ಮಾತನ್ನೂ ಉದ್ಧರಿಸುತ್ತಿಲ್ಲವಾದ್ದರಿಂದ 'ಉದ್ಧರಣೆ' ಹೊಂದುವುದಿಲ್ಲ. ನಮ್ಮ ಶಾಲಾ ವ್ಯಾಕರಣ ಜೋಡಿ ಚಿಹ್ನೆಯನ್ನು 'ಉದ್ಧರಣ ಚಿಹ್ನೆ' ಎಂದೂ ಒಂಟಿ ಚಿಹ್ನೆಯನ್ನು 'ವಾಕ್ಯವೇಷ್ಟನ ಚಿಹ್ನೆ' ಎಂದೂ ಕರೆಯುತ್ತದೆ. ವೇಷ್ಟನವೆಂದರೆ ಸುತ್ತುವಿಕೆ, ಶೆಲ್‌ನಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಆದರೆ ನಕ್ಷತ್ರದ ಹಿಂದೆ ಹಿಂಓರೆಗೆರೆಯೊಂದನ್ನು ಇಟ್ಟು \* ಎಂದು ಬರೆಯುವುದನ್ನೂ ಯೂನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನಕ ಕೋಟಿಂಗ್ ಎಂದೇ ಪರಿಗಣಿಸುತ್ತದೆ, ಅಲ್ಲಿ ಸುತ್ತುವುದು ಏನೂ ಇಲ್ಲ. ಎರಡಕ್ಕೂ ಹೊಂದುವ, ಕ್ರಿಯಾಪದವಾಗಿಯೂ ಸಲೀಸಾಗಿ ಬಳಸಬಹುದಾದ ಪದ ಯಾವುದು? 'ಬಿಡಿಸದಂತೆ ತಡೆ' ಎಂಬುದರಿಂದ 'ತಡೆಗುರುತು' ಎಂದು ಮಾಡಿಕೊಳ್ಳಬಹುದೆ, ಅಥವಾ ಈಗಾಗಲೇ ಯಾರಾದರೂ ಬೇರೆ ಪದವನ್ನು ಬಳಸಿದ್ದಾರೆಯೆ?