ಅಪ್‌ಡೇಟ್: ತಪಾಸಣೆಯಲ್ಲಿ ಹಿಂದೆ ಬಿದ್ದ ನಮ್ಮ ಮಕ್ಕಳ ಕೇಂದ್ರ

ನನ್ನ ಮಗು ಹೋಗುವ ಶಿಶುಪಾಲನಾ ಕೇಂದ್ರದ ತಪಾಸಣಾ ವರದಿಯಲ್ಲಿ ‘ಸುಧಾರಣೆ ಅಗತ್ಯ’ ಎಂಬ ಷರಾ ಬಿದ್ದಿದೆ, ಮಗುವನ್ನು ಬೇರೆ ಕೇಂದ್ರಕ್ಕೆ ಸೇರಿಸಬೇಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಸೇರಿಸಲಿಲ್ಲ. ‘ಷರಾ ಬಿಡಿ, ಪೂರ್ತಿ ವರದಿ ಓದಿ’ ಎಂದವರಿಗೆ ಮೊದಲ ಕೃತಜ್ಞತೆ.

ಓದಿದರೆ, ಕಟ್ಟಡದ ಬಗ್ಗೆ ಇದ್ದದ್ದು ಎರಡೇ ಸಾಲು. ಉಳಿದದ್ದೆಲ್ಲ ದೊಡ್ಡವರು ಮಕ್ಕಳೊಂದಿಗೆ ಮಾತನಾಡುವ ರೀತಿಯ ಬಗ್ಗೆ. ಆದರೂ ಆಡಳಿತ ಮಂಡಳಿ ಮೊದಲು ಮಾಡಿದ ಕೆಲಸ ಗೋಡೆಗೆ ಬಣ್ಣ ಬಳಿಸಿದ್ದು! ಪೋಷಕರ ಸಭೆಯಲ್ಲಿ ಇದನ್ನೇ ಹಿಡಿದು ಕೇಳಿದೆವು. ಆಮೇಲೆ ಪ್ರತಿ ಕೊರತೆಗೂ ಹೊಣೆ ಯಾರದು, ಗಡುವು ಯಾವಾಗ ಎಂದು ಬರೆದು ಬಾಗಿಲ ಬಳಿ ಅಂಟಿಸಿದರು.

ಮಗು ಮರದ ತುಂಡುಗಳನ್ನು ಪೇರಿಸುತ್ತಿದ್ದರೆ ಶಿಕ್ಷಕಿ ಮೊದಲು ‘ಇದು ಯಾವ ಬಣ್ಣ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಈಗ ಪಕ್ಕದಲ್ಲಿ ಕುಳಿತು, ‘ಇದರ ಮೇಲೆ ಇನ್ನೊಂದು ಇಟ್ಟರೆ ಏನಾಗಬಹುದು?’ ಎನ್ನುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಒಂದು ಪದ ಬರುತ್ತಿದ್ದಲ್ಲಿ ಈಗ ಕಥೆಯೇ ಬರುತ್ತದೆ. ಕೂಸುಗಳನ್ನು ಅಂಗಾತ ಮಲಗಿಸುವುದು, ಡಯಾಪರ್ ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ತಪ್ಪದೆ ನಡೆಯುತ್ತಿದೆ.

ಹಾಜರಾತಿ ಪುಸ್ತಕ ನೋಡಿ, ಬರುವುದನ್ನು ನಿಲ್ಲಿಸಿದ ಕುಟುಂಬಗಳನ್ನು ಸಂಪರ್ಕಿಸುವ ಕೆಲಸ ಮಾತ್ರ ಆಮೆಗತಿಯಲ್ಲಿದೆ. ಸಿಬ್ಬಂದಿ ಪದೇ ಪದೇ ಬದಲಾಗುವುದೂ ನಿಂತಿಲ್ಲ. ಪರಿಚಿತ ಮುಖ ಕಾಣದಿದ್ದರೆ ಎಳೆಯ ಮಕ್ಕಳು ಬೇಗ ಮುದುಡಿಕೊಳ್ಳುತ್ತಾರೆ; ಹಾಗಾಗಿ ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ, ಅದಕ್ಕೆ ಬಣ್ಣ ಬಳಿಯಲು ಬರುವುದಿಲ್ಲ. ಮರುತಪಾಸಣೆ ಇನ್ನೂ ಆಗಿಲ್ಲ. ಆ ವರದಿ ಕೈಗೆ ಸಿಕ್ಕಾಗ ಮತ್ತೆ ಬರೆಯುತ್ತೇನೆ.